ಹೆಗಲ ನೋವೂ ಶ್ವಾಸಕೋಶದ ಅರ್ಬುದವೂ

ಕಲೂರಿನಲ್ಲಿರುವ ನಮ್ಮವರಲ್ಲಿ ಹೆಗಲು ನೋಯದವರು ವಿರಳ. ಮೂಟೆ ಹೊರುವವರಿಗೆ ಅದು ಹೊರೆಯ ನೋವು. ತಲೆ ಬಾಗಿಸಿ ಲೆಕ್ಕ ಬರೆಯುವವರಿಗೆ ಕುಳಿತ ನೋವು. ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದುಕೊಂಡು ನಿದ್ರೆ ಮಾಡಿದರೆ ಬಹುಮಟ್ಟಿಗೆ ಇಳಿಯುತ್ತದೆ. ಹಾಗೆ ಇಳಿಯದೆ, ವಾರದಿಂದ ವಾರಕ್ಕೆ ಏರುವ ನೋವೂ ಒಂದುಂಟು. ಅದರ ಬೇರು ಹೆಗಲಿನಲ್ಲಿರದೆ ಶ್ವಾಸಕೋಶದ ತುದಿಯಲ್ಲಿರಬಹುದು. ಇದು ಅಪರೂಪ, ಆದರೆ ತಿಂಗಳುಗಟ್ಟಲೆ ಎಣ್ಣೆ ತಿಕ್ಕುತ್ತ ಕಳೆದ ಕಾಲವನ್ನು ಯಾವ ವೈದ್ಯನೂ ಮರಳಿ ಕೊಡಲಾರನು.

ಶ್ವಾಸಕೋಶದ ನೆತ್ತಿ ಕೊರಳೆಲುಬಿಗಿಂತ ತುಸು ಮೇಲಕ್ಕೆ ಚಾಚಿದೆ. ಕೈಗೆ ಹೋಗುವ ನರಗಳೂ ರಕ್ತನಾಳಗಳೂ ಅದರ ಮಗ್ಗುಲಲ್ಲೇ ಹಾಯುತ್ತವೆ. ಅಲ್ಲಿ ಅರ್ಬುದ ಬೆಳೆದರೆ ಮೊದಲಿಗೆ ಕೆಮ್ಮೇ ಇಲ್ಲದಿರಬಹುದು. ನೋವು ಹೆಗಲಿನಿಂದ ತೋಳಿನ ಒಳಬದಿಯಲ್ಲಿ ಇಳಿದು ಕಿರುಬೆರಳನ್ನು ಮುಟ್ಟುತ್ತದೆ. ಕೈಯ ಹಿಡಿತ ಸಡಿಲವಾಗುತ್ತದೆ. ಕೆಲವರಿಗೆ ಅದೇ ಬದಿಯ ಕಣ್ಣಿನ ರೆಪ್ಪೆ ಜೋಲುತ್ತದೆ, ಪಾಪೆ ಕಿರಿದಾಗುತ್ತದೆ, ಮುಖದ ಆ ಅರ್ಧ ಬೆವರುವುದಿಲ್ಲ. ಫಿಲಡೆಲ್ಫಿಯಾದ ಎಕ್ಸ್-ರೇ ತಜ್ಞ ಹೆನ್ರಿ ಪ್ಯಾನ್‌ಕೋಸ್ಟ್ 1924ರಲ್ಲಿಯೂ 1932ರಲ್ಲಿಯೂ ಇದನ್ನು ವಿವರಿಸಿದುದರಿಂದ ಈ ಗಡ್ಡೆಗೆ ಅವರ ಹೆಸರೇ ನಿಂತಿದೆ.

ಶ್ವಾಸಕೋಶದ ಬೇರೆ ಭಾಗದ ಅರ್ಬುದದಲ್ಲಿ ಬಿಡದ ಕೆಮ್ಮು, ಕಫದಲ್ಲಿ ರಕ್ತ, ಏದುಸಿರು, ಸ್ವರ ಒಡೆಯುವುದು, ಮೈ ಇಳಿಯುವುದು ಕಾಣುತ್ತವೆ. ಇವುಗಳಲ್ಲಿ ಹೆಚ್ಚಿನವು ಕ್ಷಯಕ್ಕೂ ಇರುವುದರಿಂದ ಒಂದನ್ನು ಇನ್ನೊಂದೆಂದು ಭ್ರಮಿಸುವುದು ಸುಲಭ. ಆದುದರಿಂದ ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆಯೂ ಎಕ್ಸ್-ರೇಯೂ ಆಗತಕ್ಕದ್ದು. ಕ್ಷಯವೆಂದು ಮದ್ದು ನುಂಗುತ್ತಿದ್ದರೂ ಗುಣ ಕಾಣದಿದ್ದರೆ, ಸುಮ್ಮನಿರದೆ ಮತ್ತೆ ಕೇಳಬೇಕು.

ಶ್ವಾಸಕೋಶದ ನೆತ್ತಿಯ ಗಡ್ಡೆ ಎಕ್ಸ್-ರೇಯಲ್ಲಿ ಕೊರಳೆಲುಬಿನ ಮತ್ತು ಮೊದಲ ಪಕ್ಕೆಲುಬಿನ ನೆರಳಿನಲ್ಲಿ ಅಡಗಿಬಿಡಬಹುದು. ಸಂಶಯವಿದ್ದರೆ ಸಿ.ಟಿ. ಸ್ಕ್ಯಾನ್ ಬೇಕು. ನರಗಳನ್ನು ನೋಡಲು ಎಂ.ಆರ್.ಐ. ಚಿತ್ರ ನೆರವಾಗುತ್ತದೆ. ಅರ್ಬುದವೆಂದು ಖಚಿತವಾಗಿ ಹೇಳುವುದು ಬಯಾಪ್ಸಿ: ಸೂಜಿಯಿಂದಲೋ, ಶ್ವಾಸನಾಳದೊಳಗೆ ಇಳಿಸುವ ಕೊಳವೆಯಿಂದಲೋ ಗಡ್ಡೆಯ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಸೂಜಿ ತಾಗಿದರೆ ರೋಗ ಹಬ್ಬುವುದೆಂದು ಹೆದರಿ ಮನೆಗೆ ಮರಳುವವರು ನಷ್ಟಪಡುವವರು ತಾವೇ. ಆ ಅಪಾಯ ಅತಿ ವಿರಳ.

ಇಲ್ಲಿ ಭಾಷೆಯ ಒಂದು ತೊಡಕನ್ನು ಹೇಳಲೇಬೇಕು. ‘ಶ್ವಾಸಕೋಶ’, ‘ಅರ್ಬುದ’ ಎಂಬ ಮಾತುಗಳನ್ನು ಮಲೆಯಾಳಿ ವೈದ್ಯರು ತಿಳಿಯುತ್ತಾರೆ. ಆದರೆ ನಮ್ಮ ‘ತೋಳು’ ಕೈಯ ಭಾಗ. ಅವರ ‘ತೋಳ್’ ಹೆಗಲು. ಆದುದರಿಂದ ಬಾಯಲ್ಲಿ ಹೇಳಿ ಬಿಡದೆ, ನೋವು ಎಲ್ಲಿ ಹುಟ್ಟಿ ಎಲ್ಲಿಯವರೆಗೆ ಇಳಿಯುವುದೆಂದು ಬೆರಳಿಟ್ಟು ತೋರಿಸಿರಿ.

ಶಸ್ತ್ರಕ್ರಿಯೆಯ ವಿಷಯ. 1933ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಎವರ್ಟ್ಸ್ ಗ್ರಹಾಮ್ ಎಂಬ ಶಸ್ತ್ರವೈದ್ಯರು ಅರ್ಬುದ ಹಿಡಿದ ಎಡ ಶ್ವಾಸಕೋಶವನ್ನು ಒಂದೇ ಬಾರಿಗೆ ಪೂರ್ತಿ ತೆಗೆದರು, ರೋಗಿ ಬದುಕಿದನು. ಈಗ ಸಾಧ್ಯವಿದ್ದಲ್ಲಿ ಪೂರ್ತಿ ತೆಗೆಯುವುದಿಲ್ಲ. ಬಲ ಶ್ವಾಸಕೋಶದಲ್ಲಿ ಮೂರು, ಎಡದಲ್ಲಿ ಎರಡು ಹಾಲೆಗಳಿವೆ. ಕೆಟ್ಟ ಹಾಲೆಯನ್ನೂ ಸುತ್ತಲಿನ ದುಗ್ಧಗ್ರಂಥಿಗಳನ್ನೂ ತೆಗೆಯುತ್ತಾರೆ. ನೆತ್ತಿಯ ಗಡ್ಡೆಗೆ ಕ್ರಮ ಬೇರೆ: ಸಾಮಾನ್ಯವಾಗಿ ಮೊದಲು ಔಷಧವೂ ವಿಕಿರಣವೂ ಜೊತೆಯಾಗಿ, ಗಡ್ಡೆ ಕುಗ್ಗಿದ ಕೆಲವು ವಾರಗಳ ಮೇಲೆ ಮೇಲಿನ ಹಾಲೆಯನ್ನು, ಅಂಟಿದ ಪಕ್ಕೆಲುಬುಗಳ ಸಮೇತ ತೆಗೆಯುವುದು. ರೋಗ ದೂರದ ಅಂಗಗಳಿಗೆ ಹರಡಿದ್ದರೆ ಕತ್ತಿಗೆ ಸಾಮಾನ್ಯವಾಗಿ ಕೆಲಸವಿಲ್ಲ. ಔಷಧ, ವಿಕಿರಣ, ನೋವು ನಿವಾರಣೆಗಳು ಆಗಲೂ ಇವೆ. ಬೇಗ ಹೋಗಬೇಕೆನ್ನುವುದು ಇದಕ್ಕಾಗಿಯೇ.

ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ 1981ರಿಂದ ಇದೆ. ಎರ್ನಾಕುಳಂ ಟೌನ್ ನಿಲ್ದಾಣದಲ್ಲಿ ರೈಲು ಹತ್ತಿದರೆ ತಲಪಬಹುದು. ಊರಿನವರ ಆಸರೆ ಬೇಕೆನ್ನುವವರಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿದೆ. ಎಲ್ಲಿಗೆ ಹೋದರೂ ಎಕ್ಸ್-ರೇ, ಸ್ಕ್ಯಾನ್ ಹಾಳೆಗಳನ್ನೂ ಬಯಾಪ್ಸಿಯ ಗಾಜುಗಳನ್ನೂ ಕೇಳಿ ಪಡೆದು ಒಯ್ಯಿರಿ. ಮತ್ತೆ ಮೊದಲಿನಿಂದ ತೊಡಗುವ ಖರ್ಚೂ ಕಾಲವೂ ಉಳಿಯುತ್ತವೆ. ಇ.ಎಸ್.ಐ. ಚೀಟಿಯಿದ್ದವರು ಅದನ್ನು ಮರೆಯಬಾರದು.

ಕಡೆಯದಾಗಿ ಹೊಗೆ. ಬೀಡಿ ಸಿಗರೇಟಿಗಿಂತ ಸಾಧುವೆಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಕೊಲ್ಲಂ ಜಿಲ್ಲೆಯ ಕರುನಾಗಪ್ಪಳ್ಳಿಯ ಗಂಡಸರನ್ನು ವರ್ಷಗಟ್ಟಲೆ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವು, ಬೀಡಿ ಸೇದುವವರಲ್ಲಿ ಶ್ವಾಸಕೋಶದ ಅರ್ಬುದ ಹೆಚ್ಚೆಂದು ತೋರಿಸಿದೆ. ಮೇಲೆ ಹೇಳಿದ ಗ್ರಹಾಮ್ ಸ್ವತಃ ಸಿಗರೇಟು ಸೇದುತ್ತಿದ್ದವರು. 1957ರಲ್ಲಿ ಅದೇ ರೋಗದಿಂದ ತೀರಿಕೊಂಡರು. ಅವರು ಉಳಿಸಿದ ರೋಗಿ ಅವರ ತರುವಾಯವೂ ಬದುಕಿದ್ದನು.

ಸೇದದವರಿಗೂ ಈ ರೋಗ ಬರುವುದುಂಟು. ಆದುದರಿಂದ ಕೋಣೆಯ ಸಂಗಾತಿ ರಾತ್ರಿಯೆಲ್ಲ ಹೆಗಲು ಹಿಡಿದು ಕುಳಿತಿದ್ದರೆ, ಎಣ್ಣೆಯ ಸೀಸೆ ಕೊಡುವುದರ ಜೊತೆಗೆ, “ಎಷ್ಟು ವಾರವಾಯಿತು?” ಎಂದೂ ಕೇಳಿರಿ. ಒಂದು ದಿನದ ಕೂಲಿ ಹೋದರೂ ಚಿಂತೆಯಿಲ್ಲ, ಅವನ ಜೊತೆಗೆ ಆಸ್ಪತ್ರೆಗೆ ನಡೆಯಿರಿ.