ಗಾಡಿ ಆಯಿಲ್ ತಿನ್ನುತ್ತಿದೆಯೇ? ಇಂದೇ ನೋಡಿರಿ

ಮನೆ ಕಟ್ಟಿಸಿದ ನಂತರ ಒಂದು ಕುಟುಂಬಕ್ಕೆ ಬರುವ ದೊಡ್ಡ ಖರ್ಚು ಯಾವುದೆಂದು ಕೇಳಿದರೆ ಮಕ್ಕಳ ಮದುವೆ ಎನ್ನುವವರೇ ಹೆಚ್ಚು. ಅದರ ಬೆನ್ನಿಗೇ ಬರುವುದು ಗಾಡಿ. ಅದರಲ್ಲೂ ಅಜ್ಜ-ಅಜ್ಜಿ, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ಒಟ್ಟಿಗೆ ಕೂಡುವಂಥ ಎಸ್.ಯು.ವಿ. ಇಂದು ಅನೇಕ ಅವಿಭಕ್ತ ಕುಟುಂಬಗಳ ಅಂಗಳದಲ್ಲಿ ನಿಂತಿದೆ. ಮದುವೆಗೆ, ಯಾತ್ರೆಗೆ, ನಡುರಾತ್ರಿ ಆಸ್ಪತ್ರೆಗೆ ಅದೇ ಆಧಾರ. ಗಾಡಿಯ ಬಣ್ಣ, ಸೀಟಿನ ಹೊದಿಕೆ, ಎ.ಸಿ.ಯ ತಂಪು ಇವನ್ನೆಲ್ಲ ನಾವು ಮರೆಯದೆ ವಿಚಾರಿಸುತ್ತೇವೆ. ಬಾನೆಟ್ ಎತ್ತಿ ಎಂಜಿನ್ ಆಯಿಲ್ ಎಷ್ಟಿದೆ ಎಂದು ನೋಡುವವರು ಮಾತ್ರ ವಿರಳ.

ಎಂಜಿನ್ ಒಮ್ಮೆ ಸೀಜ್ ಆಯಿತೆಂದರೆ ದುರಸ್ತಿಯ ಖರ್ಚು ಲಕ್ಷದ ಲೆಕ್ಕಕ್ಕೆ ಹೋಗಬಹುದು. ಹೆದ್ದಾರಿಯ ಮಧ್ಯದಲ್ಲಿ ಗಾಡಿ ನಿಂತರೆ ಹಣಕ್ಕಿಂತ ದೊಡ್ಡದಾದ ಜೀವದ ಪ್ರಶ್ನೆ ಏಳುತ್ತದೆ. ಆಯಿಲಿನ ಕೊರತೆಯಿಂದ ಬರುವ ಕೇಡು ಹೆಚ್ಚಾಗಿ ಒಂದೇ ದಿನದಲ್ಲಿ ಬರುವಂಥದ್ದಲ್ಲ. ತಿಂಗಳುಗಟ್ಟಲೆ ಮೊದಲೇ ಆಯಿಲ್ ಸದ್ದಿಲ್ಲದೆ ಇಳಿಯುತ್ತ ಬಂದಿರುತ್ತದೆ. ಆದ್ದರಿಂದ ಈ ವಿಷಯವನ್ನು ಗಾಡಿ ಓಡಿಸುವವರಷ್ಟೇ ಅಲ್ಲ, ಅದರಲ್ಲಿ ಕೂಡುವ ಮನೆಮಂದಿಯೆಲ್ಲರೂ ತಿಳಿದಿರುವುದು ಒಳ್ಳೆಯದು.

ಆಯಿಲಿನ ಕೆಲಸವೇನು?

ಎಂಜಿನಿನೊಳಗೆ ಪಿಸ್ಟನ್ನುಗಳು ಒಂದು ನಿಮಿಷದಲ್ಲಿ ಸಾವಿರಾರು ಸಲ ಮೇಲೆ ಕೆಳಗೆ ಚಲಿಸುತ್ತವೆ. ಕನೆಕ್ಟಿಂಗ್ ರಾಡುಗಳ ಮೂಲಕ ಆ ಚಲನೆ ಕ್ರ್ಯಾಂಕ್‌ಶಾಫ್ಟನ್ನು ತಿರುಗಿಸುತ್ತದೆ. ರಾಡ್ ಮತ್ತು ಶಾಫ್ಟ್ ಕೂಡುವ ಜಾಗದಲ್ಲಿ ಬೇರಿಂಗ್ ಇರುತ್ತದೆ. ಈ ಬೇರಿಂಗಿಗೂ ಶಾಫ್ಟಿಗೂ ನಡುವಿನ ಸಂದು ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಪಂಪಿನ ಒತ್ತಡದಿಂದ ಅಷ್ಟು ಸಣ್ಣ ಸಂದಿನಲ್ಲಿ ಆಯಿಲಿನ ಪದರ ನಿಂತಿರುವವರೆಗೆ ಲೋಹಕ್ಕೆ ಲೋಹ ತಾಗುವುದಿಲ್ಲ. ಪದರ ಹರಿದರೆ ಬೇರಿಂಗ್ ಕಾಯುತ್ತದೆ, ಸವೆಯುತ್ತದೆ, ಕೊನೆಗೆ ಕಚ್ಚಿ ಹಿಡಿಯುತ್ತದೆ. ಇದನ್ನೇ ನಮ್ಮ ಗ್ಯಾರೇಜುಗಳಲ್ಲಿ ‘ಎಂಜಿನ್ ಸೀಜ್ ಆಯಿತು’ ಎನ್ನುವುದು. ಸವೆತವನ್ನು ತಡೆಯುವುದರ ಜೊತೆಗೆ ಕಾವನ್ನು ಹೊತ್ತೊಯ್ಯುವುದು, ಮಸಿಯನ್ನು ತೊಳೆಯುವುದು, ಪಿಸ್ಟನ್ ರಿಂಗಿನ ಸಂದನ್ನು ಮುಚ್ಚುವುದು ಕೂಡ ಆಯಿಲಿನ ಕೆಲಸವೇ.

ಆಯಿಲ್ ಹೋಗುವುದು ಎಲ್ಲಿಗೆ?

ನೆಲದ ಮೇಲೆ ಹನಿ ಬಿದ್ದಿಲ್ಲ, ಆದರೂ ಆಯಿಲ್ ಕಡಿಮೆಯಾಗಿದೆ ಎಂದರೆ ಅದು ಎಂಜಿನಿನೊಳಗೇ ಸುಟ್ಟುಹೋಗುತ್ತಿದೆ ಎಂದು ತಿಳಿಯಬೇಕು. ಪ್ರತಿ ಪಿಸ್ಟನ್ನಿಗೆ ಸಾಮಾನ್ಯವಾಗಿ ಮೂರು ರಿಂಗುಗಳಿರುತ್ತವೆ. ಕೆಳಗಿನ ರಿಂಗು ಸಿಲಿಂಡರಿನ ಗೋಡೆಗೆ ಹತ್ತಿದ ಹೆಚ್ಚಿನ ಆಯಿಲನ್ನು ಬಳಿದು ಕೆಳಕ್ಕೆ ಕಳಿಸುತ್ತದೆ. ಬಳಿದ ಆಯಿಲ್ ಹಿಂದಿರುಗಲು ಪಿಸ್ಟನ್ನಿನಲ್ಲಿ ಸಣ್ಣ ರಂಧ್ರಗಳಿರುತ್ತವೆ. ಇವು ಮಸಿಯಿಂದ ಕಟ್ಟಿದರೆ ಅಥವಾ ರಿಂಗು ತನ್ನ ತೋಡಿನಲ್ಲೇ ಅಂಟಿಕೊಂಡರೆ ಆಯಿಲ್ ಮೇಲೇರಿ ಇಂಧನದ ಜೊತೆ ಉರಿಯುತ್ತದೆ. ಮೈಲೇಜ್ ಹೆಚ್ಚಲೆಂದು ರಿಂಗುಗಳ ಬಿಗಿಯನ್ನು ಕಡಿಮೆ ಮಾಡಿದ ಕೆಲವು ಎಂಜಿನ್‌ಗಳಲ್ಲಿ ಈ ತೊಂದರೆ ಬೇಗ ಕಾಣಿಸಿಕೊಳ್ಳುತ್ತದೆ. ವಾಲ್ವ್ ಸೀಲ್ ಗಟ್ಟಿಯಾಗುವುದು, ಟರ್ಬೊದ ಸೀಲ್ ಹೋಗುವುದು, ಆಯಿಲ್ ಬದಲಿಸುವ ಅವಧಿಯನ್ನು ಮೀರಿ ಓಡಿಸುವುದು ಇತರ ಕಾರಣಗಳು.

ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಅನುಮಾನವೇ ಬೇಡ. ಆದರೆ ಇಂದಿನ ಗಾಡಿಗಳಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವುದರಿಂದ, ಸಾಕಷ್ಟು ಆಯಿಲ್ ಉರಿದರೂ ಹೊಗೆ ಕಣ್ಣಿಗೆ ಕಾಣದಿರಬಹುದು.

ಡೀಸೆಲ್ ಗಾಡಿಯವರು ಇನ್ನೊಂದು ಮಾತು ನೆನಪಿಡಬೇಕು. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಿ.ಎಸ್.-6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ಆಗಾಗ ಒಳಗಿನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ದಿನಾ ಪೇಟೆಯೊಳಗೆ ಎರಡು-ಮೂರು ಕಿಲೋಮೀಟರ್ ಮಾತ್ರ ಓಡಿಸಿ ನಿಲ್ಲಿಸುತ್ತಿದ್ದರೆ ಈ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಆಗ ಉರಿಯದೆ ಉಳಿದ ಡೀಸೆಲ್ ಆಯಿಲಿಗೆ ಸೇರಿ ಅದನ್ನು ತೆಳ್ಳಗೆ ಮಾಡಬಹುದು. ಹೀಗಾಗಿ ಕಡ್ಡಿಯಲ್ಲಿ ಆಯಿಲ್ ಇಳಿದರಷ್ಟೇ ಅಲ್ಲ, ಏರಿದರೂ ಗ್ಯಾರೇಜಿಗೆ ತೋರಿಸಬೇಕು.

ಕೆಂಪು ದೀಪವನ್ನು ನಂಬಿ ಕೂರಬಾರದು

‘ಆಯಿಲ್ ಕಡಿಮೆಯಾದರೆ ದೀಪ ಹತ್ತುತ್ತದಲ್ಲ’ ಎಂದು ಅನೇಕರು ನಿಶ್ಚಿಂತರಾಗಿರುತ್ತಾರೆ. ಇದು ತಪ್ಪು ತಿಳುವಳಿಕೆ. ಬಹುತೇಕ ಗಾಡಿಗಳ ಕೆಂಪು ದೀಪ ತೋರಿಸುವುದು ಆಯಿಲಿನ ಒತ್ತಡವನ್ನು, ಪ್ರಮಾಣವನ್ನಲ್ಲ. ಒಂದು ಲೆಕ್ಕ ಹಾಕೋಣ. ಎಂಜಿನಿನಲ್ಲಿ 5 ಲೀಟರ್ ಆಯಿಲ್ ಇದೆ, ಪ್ರತಿ 2,000 ಕಿಲೋಮೀಟರಿಗೆ 1 ಲೀಟರ್ ಸುಡುತ್ತಿದೆ ಎನ್ನಿ. 6,000 ಕಿಲೋಮೀಟರ್ ಆಗುವಾಗ ಒಳಗೆ ಉಳಿದಿರುವುದು 2 ಲೀಟರ್ ಮಾತ್ರ. ಮುಂದಿನ ಸರ್ವಿಸ್ 10,000 ಕಿಲೋಮೀಟರಿಗೆ ಎಂದಿದ್ದರೆ ಅಲ್ಲಿಯವರೆಗೆ ಎಂಜಿನ್ ಉಳಿಯುವುದೇ ಇಲ್ಲ. ಘಾಟಿನ ಏರು ಅಥವಾ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪು ಗಾಳಿ ಎಳೆದುಕೊಂಡಾಗಲಷ್ಟೇ ದೀಪ ಮಿನುಗಬಹುದು. ಅಷ್ಟು ಹೊತ್ತಿಗೆ ಬೇರಿಂಗಿಗೆ ಪೆಟ್ಟು ಬಿದ್ದಿರುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ!

ಅಮೆರಿಕದ ಗ್ರಾಹಕರು ಕಂಡದ್ದು

ದೊಡ್ಡ ಹೆಸರಿನ ಕಂಪನಿಗಳ ಗಾಡಿಗೆ ಇಂಥ ರೋಗ ಬರುವುದಿಲ್ಲ ಎಂದು ಭಾವಿಸಬೇಕಾಗಿಲ್ಲ. ಅಮೆರಿಕದಲ್ಲಿ ಮಾರಾಟವಾದ ಟೊಯೊಟಾದ 2.4 ಲೀಟರ್ ಎಂಜಿನಿನ ಕೆಲವು ರಾವ್-4 ಗಾಡಿಗಳು ಅತಿಯಾಗಿ ಆಯಿಲ್ ತಿನ್ನುತ್ತಿದ್ದವು. 1,200 ಮೈಲಿ, ಎಂದರೆ ಸುಮಾರು 1,900 ಕಿಲೋಮೀಟರಿಗೆ ಒಂದು ಕ್ವಾರ್ಟ್ (ಸುಮಾರು 0.95 ಲೀಟರ್) ಖರ್ಚಾದರೆ ಅದು ದೋಷವೆಂದು ಒಪ್ಪಿ ಪಿಸ್ಟನ್, ರಿಂಗುಗಳನ್ನು ಬದಲಿಸಿಕೊಡುವ ವ್ಯವಸ್ಥೆಯನ್ನು ಕಂಪನಿ ಮಾಡಿತು. 2011ರಿಂದ 2014ರ ಮಾದರಿಯ ಸುಬಾರು ಫಾರೆಸ್ಟರ್ ಗಾಡಿಗಳ ಇದೇ ದೂರು ನ್ಯಾಯಾಲಯಕ್ಕೆ ಹೋಗಿ, 2016ರ ರಾಜಿಯಲ್ಲಿ ವಾರಂಟಿಯನ್ನು 8 ವರ್ಷ ಅಥವಾ 1 ಲಕ್ಷ ಮೈಲಿಗೆ ಏರಿಸಲಾಯಿತು. 2010ರಿಂದ 2013ರ ಶೆವ್ರೊಲೆ ಈಕ್ವಿನಾಕ್ಸ್ ಮತ್ತು ಜಿ.ಎಂ.ಸಿ. ಟೆರೇನ್ ಗಾಡಿಗಳ ಮಾಲೀಕರೂ ಸಾಮೂಹಿಕ ದಾವೆ ಹೂಡಬೇಕಾಯಿತು.

ಇವೆಲ್ಲಕ್ಕಿಂತ ದೊಡ್ಡದು ಹ್ಯುಂಡೈ ಮತ್ತು ಕಿಯಾ ಕಂಪನಿಗಳ ‘ಥೀಟಾ-2’ ಎಂಬ ಎಂಜಿನಿನ ಪ್ರಕರಣ. ಇಲ್ಲಿ ಆಯಿಲ್ ಹೋಗುವ ದಾರಿಯಲ್ಲೇ ತೊಡಕಿತ್ತು. ಅಮೆರಿಕದ ಕಾರ್ಖಾನೆಯಲ್ಲಿ ಕ್ರ್ಯಾಂಕ್‌ಶಾಫ್ಟ್ ಕೊರೆಯುವಾಗ ಉಳಿದ ಲೋಹದ ಚೂರುಗಳು ಪೂರ್ತಿ ತೆಗೆಯಲ್ಪಡದೆ, ಬೇರಿಂಗಿಗೆ ಹೋಗುವ ಆಯಿಲನ್ನು ತಡೆಯಬಹುದು ಎಂದು ಕಂಪನಿಯೇ ಹೇಳಿತು. ಬೇರಿಂಗ್ ಸವೆದಂತೆ ‘ಟಕ ಟಕ’ ಶಬ್ದ ಏಳುತ್ತದೆ, ವೇಗ ಹೆಚ್ಚಿದಂತೆ ಶಬ್ದವೂ ಹೆಚ್ಚುತ್ತದೆ. ಅದನ್ನು ಅಲಕ್ಷಿಸಿ ಓಡಿಸಿದರೆ ಎಂಜಿನ್ ಥಟ್ಟನೆ ನಿಲ್ಲುತ್ತದೆ. ಮುರಿದ ರಾಡ್ ಎಂಜಿನ್ ಗೋಡೆಯನ್ನೇ ತೂತು ಮಾಡಿದರೆ ಕಾದ ಭಾಗಗಳ ಮೇಲೆ ಆಯಿಲ್ ಚೆಲ್ಲಿ ಬೆಂಕಿ ಹತ್ತುವ ಅಪಾಯವೂ ಇದೆ.

2015ರ ಸೆಪ್ಟೆಂಬರಿನಲ್ಲಿ ಹ್ಯುಂಡೈ ಸುಮಾರು 4.7 ಲಕ್ಷ ಸೊನಾಟ ಕಾರುಗಳನ್ನು ಹಿಂದಕ್ಕೆ ಕರೆಸಿತು. 2017ರಲ್ಲಿ ಸಾಂಟಾಫೆ ಸ್ಪೋರ್ಟ್, ಸೊರೆಂಟೊ, ಸ್ಪೋರ್ಟೇಜ್ ಮೊದಲಾದ ಕುಟುಂಬದ ಗಾಡಿಗಳ ಸರದಿ ಬಂತು. ಎರಡೂ ಸೇರಿ ಒಟ್ಟು 16 ಲಕ್ಷಕ್ಕೂ ಹೆಚ್ಚು ವಾಹನಗಳು.

ಒಬ್ಬ ಎಂಜಿನಿಯರನ ಸಾಕ್ಷಿ

ಈ ಪ್ರಕರಣದಲ್ಲಿ ನೆನೆಯಬೇಕಾದ ವ್ಯಕ್ತಿ ಕಿಮ್ ಗ್ವಾಂಗ್-ಹೋ. ದಕ್ಷಿಣ ಕೊರಿಯದ ಹ್ಯುಂಡೈ ಕಂಪನಿಯಲ್ಲೇ ಎಂಜಿನಿಯರ್ ಆಗಿದ್ದವರು. ದೋಷದ ಪೂರ್ಣ ವ್ಯಾಪ್ತಿಯನ್ನು ಕಂಪನಿ ಹೊರಗೆಡಹುತ್ತಿಲ್ಲ ಎಂದು 2016ರಲ್ಲಿ ದಾಖಲೆಗಳ ಸಮೇತ ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತಕ್ಕೆ ತಿಳಿಸಿದರು. ಅದಕ್ಕಾಗಿ ಅವರು ನೌಕರಿಯನ್ನೇ ಕಳೆದುಕೊಳ್ಳಬೇಕಾಯಿತು.

ಅವರ ಮಾತು ವ್ಯರ್ಥವಾಗಲಿಲ್ಲ. ಗಾಡಿಗಳನ್ನು ಸಕಾಲದಲ್ಲಿ ಹಿಂದಕ್ಕೆ ಕರೆಸಲಿಲ್ಲವೆಂದು 2020ರ ನವೆಂಬರಿನಲ್ಲಿ ಹ್ಯುಂಡೈಗೆ 14 ಕೋಟಿ, ಕಿಯಾಗೆ 7 ಕೋಟಿ, ಒಟ್ಟು 21 ಕೋಟಿ ಡಾಲರ್ ದಂಡದ ಹೊಣೆ ಬಿತ್ತು. ಇದರಲ್ಲಿ ಒಡನೆ ಕಟ್ಟಬೇಕಾದದ್ದು 8.1 ಕೋಟಿ ಡಾಲರ್. ಉಳಿದದ್ದು ಸುರಕ್ಷತೆಯ ಸುಧಾರಣೆಗೆ ಮತ್ತು ಷರತ್ತು ಮುರಿದರೆ ಕಟ್ಟಬೇಕಾದ ಬಾಬ್ತಿಗೆ. 2021ರ ನವೆಂಬರಿನಲ್ಲಿ ಕಿಮ್ ಅವರಿಗೆ 2.4 ಕೋಟಿ ಡಾಲರಿಗೂ ಹೆಚ್ಚಿನ ಬಹುಮಾನ ಸಂದಿತು. ವಾಹನ ಸುರಕ್ಷತೆಯ ದೋಷ ತಿಳಿಸಿದವರಿಗೆ ಆ ಇಲಾಖೆ ಕೊಟ್ಟ ಮೊದಲ ಬಹುಮಾನ ಇದು.

ಗ್ರಾಹಕರ ಸಾಮೂಹಿಕ ದಾವೆಯ ರಾಜಿಯಲ್ಲಿ ಬೇರಿಂಗ್ ದೋಷಕ್ಕೆ ಎಂಜಿನಿನ ಮುಖ್ಯ ಭಾಗದ ಮೇಲೆ ಜೀವಿತಾವಧಿ ವಾರಂಟಿ ದೊರೆಯಿತು. ಇಲ್ಲೊಂದು ಪಾಠವಿದೆ. ಹಿಂದೆ ಕೈಯಿಂದ ಹಾಕಿದ ದುರಸ್ತಿಯ ಹಣ ಮರಳಿ ಪಡೆಯಲು ರಸೀದಿ ತೋರಿಸಬೇಕಿತ್ತು. ಗಾಡಿಯ ಆರೈಕೆಯನ್ನು ತೀರ ಕಡೆಗಣಿಸಿದವರಿಗೆ ವಾರಂಟಿ ನಿರಾಕರಿಸಲು ಕಂಪನಿಗೆ ಅವಕಾಶವೂ ಇತ್ತು. ಕಾಗದ ಇಟ್ಟುಕೊಂಡವರ ಕೈ ಮೇಲಾಯಿತು.

ನಮ್ಮ ದೇಶದಲ್ಲಿ ಏನಿದೆ?

ನಮ್ಮಲ್ಲೂ ಈಗ ಕಾನೂನಿನ ಬಲವಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 110-ಎ ಕಲಮಿನಂತೆ ದೋಷವುಳ್ಳ ವಾಹನಗಳನ್ನು ಹಿಂದಕ್ಕೆ ಕರೆಸಲು ಕೇಂದ್ರ ಸರ್ಕಾರ ಕಂಪನಿಗೆ ಆಜ್ಞೆ ಮಾಡಬಹುದು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ ಮತ್ತು ತಯಾರಾಗಿ 7 ವರ್ಷದೊಳಗಿನ ವಾಹನಗಳಿಗೆ ಅನ್ವಯಿಸುತ್ತವೆ. ಒಂದು ಮಾದರಿಯ ಗಾಡಿಯ ಬಗ್ಗೆ ನಿಗದಿತ ಸಂಖ್ಯೆಯ ಮಾಲೀಕರ ದೂರು ದಾಖಲಾದರೆ ಈ ಚಕ್ರ ಉರುಳಬಹುದು. ಗ್ಯಾರೇಜಿನ ಮುಂದೆ ಗೊಣಗಿ ಮನೆಗೆ ಬಂದರೆ ಅದು ಲೆಕ್ಕಕ್ಕೆ ಸೇರುವುದಿಲ್ಲ.

ಗಡಿಯಲ್ಲಿರುವ ನಮಗೆ ಅತ್ಯಂತ ಉಪಯುಕ್ತವಾದದ್ದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019. ಅಕ್ಕಲಕೋಟೆಯವರು ಕಲಬುರಗಿಯಲ್ಲಿ, ಕಾಸರಗೋಡಿನವರು ಮಂಗಳೂರಿನಲ್ಲಿ, ಹೊಸೂರಿನವರು ಬೆಂಗಳೂರಿನಲ್ಲಿ ಗಾಡಿ ಕೊಳ್ಳುವುದುಂಟು. ಮೊದಲು ದಾವೆ ಹೂಡಲು ಸಾಮಾನ್ಯವಾಗಿ ಮಾರಿದವರ ಊರನ್ನೇ ನೋಡಬೇಕಿತ್ತು. ಈಗ ಗ್ರಾಹಕನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಎಂದರೆ ಕಲಬುರಗಿಯಲ್ಲಿ ಕೊಂಡ ಗಾಡಿಯ ದೂರನ್ನು ಅಕ್ಕಲಕೋಟೆಯವರು ಸೋಲಾಪುರದಲ್ಲೇ ಸಲ್ಲಿಸಬಹುದು. ಗಾಡಿಗೆ ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರಿರಬಾರದು, ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕು. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಮನೆಯವರು ಮಾಡಬೇಕಾದದ್ದು

1. ಹದಿನೈದು ದಿನಕ್ಕೊಮ್ಮೆ, ದೂರ ಪ್ರಯಾಣಕ್ಕೆ ಹೊರಡುವ ಹಿಂದಿನ ದಿನ ತಪ್ಪದೆ, ಆಯಿಲ್ ನೋಡಿರಿ. ಗಾಡಿ ಸಮತಟ್ಟಾದ ನೆಲದ ಮೇಲಿರಲಿ. ಎಂಜಿನ್ ಆರಿಸಿ ಹತ್ತು ನಿಮಿಷ ಬಿಡಿರಿ. ಕಡ್ಡಿಯನ್ನು ಎಳೆದು ಒರೆಸಿ, ಮತ್ತೆ ಪೂರ್ತಿ ಇಳಿಸಿ ತೆಗೆದು ನೋಡಿರಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಕಡ್ಡಿಯಿಲ್ಲದ ಗಾಡಿಯಾದರೆ ಕೈಪಿಡಿಯಲ್ಲಿ ಹೇಳಿದಂತೆ ಮಾಡಿರಿ.

2. ಒಂದು ಚಿಕ್ಕ ವಹಿ ಗಾಡಿಯಲ್ಲೇ ಇರಲಿ. ತಾರೀಖು, ಓಡಿದ ಕಿಲೋಮೀಟರ್, ಆಯಿಲಿನ ಮಟ್ಟ, ಮೇಲೆ ಹಾಕಿದ ಪ್ರಮಾಣ ಇಷ್ಟು ಬರೆಯಿರಿ. ಅಂಗಡಿಯ ರೋಜಿನ ಲೆಕ್ಕ ಬರೆಯುವವರಿಗೆ ಇದು ಹೊರೆಯಲ್ಲ. ಆಯಿಲ್ ಬದಲಿಸಿದ ಎಲ್ಲ ಬಿಲ್ಲುಗಳನ್ನೂ ಒಂದೆಡೆ ಇಡಿರಿ.

3. ಆಯಿಲ್ ಬೇಗ ಇಳಿಯುತ್ತಿದ್ದರೆ ವಾರಂಟಿ ಮುಗಿಯುವ ಮೊದಲೇ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಆಯಿಲ್ ತುಂಬಿ, ಮುದ್ರೆ ಹಾಕಿ, ಇಂತಿಷ್ಟು ಕಿಲೋಮೀಟರ್ ಓಡಿಸಿ ಅಳೆಯುವ ಪರೀಕ್ಷೆ ಮಾಡಿಕೊಡಿರೆಂದು ಕೇಳಿರಿ. ‘ಇಷ್ಟು ತಿನ್ನುವುದು ಸಹಜ’ ಎಂದರೆ ಎಷ್ಟು ಸಹಜ ಎಂಬುದನ್ನು ಬರೆದುಕೊಡಲು ಹೇಳಿರಿ.

4. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಿಸಿರಿ. ಮೇಲಿನ ಗುರುತು ಮೀರಿ ತುಂಬಿಸುವುದೂ ಹಾನಿಕರ.

5. ಓಡುವಾಗ ಕೆಂಪು ಆಯಿಲ್ ದೀಪ ಹತ್ತಿದರೆ ಕೂಡಲೇ ರಸ್ತೆಯ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿರಿ. ‘ಊರು ಹತ್ತಿರವೇ ಇದೆ’ ಎಂದು ಮುಂದೆ ಹೋಗಬಾರದು. ಆಯಿಲ್ ಹಾಕಿದ ಮೇಲೂ ದೀಪ ಆರದಿದ್ದರೆ, ಇಲ್ಲವೆ ಟಕ ಟಕ ಶಬ್ದವಿದ್ದರೆ, ಗಾಡಿಯನ್ನು ಎಳೆಸಿಕೊಂಡೇ ಹೋಗಬೇಕು. ಹೊಗೆ ಕಂಡರೆ ಬಾನೆಟ್ ಎತ್ತದೆ, ಮೊದಲು ಮಕ್ಕಳನ್ನೂ ಹಿರಿಯರನ್ನೂ ವಾಹನಗಳು ಓಡಾಡದ ಬದಿಯಿಂದ ಇಳಿಸಿ ದೂರ ಕಳಿಸಿರಿ.

6. ಹಳೆಯ ಗಾಡಿ ಕೊಳ್ಳುವವರು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಹೋಗಿರಿ. ಚಾಲೂ ಮಾಡುವ ಮೊದಲು ಕಡ್ಡಿ ನೋಡಿ, ಆಮೇಲೆ ಹೊಗೆಯ ಬಣ್ಣ ನೋಡಿರಿ. ಸರ್ವಿಸಿನ ಕಾಗದ ತೋರಿಸದವರ ಗಾಡಿಯನ್ನು ಅಗ್ಗವೆಂದು ಕೊಳ್ಳಬೇಡಿರಿ.

ಆಯಿಲ್ ನೋಡುವ ಕೆಲಸ ಗಂಡಸರದ್ದೇ ಎಂದೇನೂ ಇಲ್ಲ. ಮನೆಯ ಹೆಣ್ಣುಮಕ್ಕಳಿಗೂ, ಕಾಲೇಜಿಗೆ ಹೋಗುವ ಮಕ್ಕಳಿಗೂ ಕಲಿಸಿಕೊಡಿರಿ. ಒಂದು ಹಳೆಯ ಅರಿವೆ ಚಿಂದಿ, ಒಂದು ವಹಿ, ಹದಿನೈದು ದಿನಕ್ಕೊಮ್ಮೆ ಹತ್ತು-ಹದಿನೈದು ನಿಮಿಷ ಇಷ್ಟೇ ಸಾಕು. ಮುಂದಿನ ಪ್ರಯಾಣಕ್ಕೆ ಬುತ್ತಿ ಕಟ್ಟುವ ಮುನ್ನ ಒಮ್ಮೆ ಬಾನೆಟ್ ಎತ್ತಿ ನೋಡಿರಿ.