ಬಿದ್ದವನ ಕೈಗೆ ಮೈಕು

ರಾಣೆಬೆನ್ನೂರಿನಲ್ಲಿ ನಮ್ಮಪ್ಪನದು ಸೈಕಲ್ ಅಂಗಡಿ. ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಒಯ್ದ ಹುಡುಗರು ಮೊಣಕಾಲು ಕೆತ್ತಿಸಿಕೊಂಡು ಬಂದರೆ ಅಪ್ಪ ಮೊದಲು ನೋಡುತ್ತಿದ್ದದ್ದು ರಿಮ್ಮನ್ನು. ‘ಮೊಣಕಾಲು ತಾನ ಮಾಯ್ತೈತಿ, ರಿಮ್ ಮಾಯಂಗಿಲ್ಲ’ ಎನ್ನುತ್ತಿದ್ದ.

ಒಮ್ಮೆ ಆ ಅಂಗಡಿಗೆ ಗಿಡ್ಡ ಸೈಕಲ್ಲೊಂದು ರಿಪೇರಿಗೆ ಬಂತು. 20 ಇಂಚಿನ ಗಾಲಿ, ಗೇರಿಲ್ಲ, ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಅಂತೂ ಇಲ್ಲವೇ ಇಲ್ಲ. ಬ್ಯಾಡಗಿಯಿಂದ ಬಂದಿದ್ದ ನಮ್ಮ ಸೋದರಮಾವ, ಮೆಣಸಿನಕಾಯಿ ಚೀಲ ಇಡಲಿಕ್ಕೆ ಬಾರದ ಸೈಕಲ್ ಯಾವ ಪುರುಷಾರ್ಥಕ್ಕೆ ಎಂದು ನಕ್ಕ. ಅದು ಬಿಎಂಎಕ್ಸ್ ಎಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. 1970ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಹುಡುಗರು ಮಣ್ಣುದಾರಿಯ ಮೋಟರ್‌ಸೈಕಲ್ ರೇಸನ್ನು ಅಣಕಿಸುತ್ತ ತಮ್ಮ ಪುಟ್ಟ ಸೈಕಲ್‌ಗಳನ್ನು ಮಣ್ಣಿನಲ್ಲಿ ಓಡಿಸಿದರು. ಆ ಹುಡುಗಾಟ ಬೀಜಿಂಗ್ ಒಲಿಂಪಿಕ್ಸ್‌ಗೆ ಬಂದದ್ದು 2008ರಲ್ಲಿ.

ಈ ಆಟದಿಂದ ಟೀವಿಗೆ ಹೋದವರಲ್ಲೊಬ್ಬ ಟಿ. ಜೆ. ಲ್ಯಾವಿನ್. 1976ರಲ್ಲಿ ಲಾಸ್ ವೇಗಸ್‌ನಲ್ಲಿ ಹುಟ್ಟಿದವ. ಮಣ್ಣಿನ ದಿಬ್ಬದಿಂದ ಸೈಕಲ್ ಸಮೇತ ಹಾರಿ, ಗಾಳಿಯಲ್ಲೇ ಕಸರತ್ತು ಮಾಡಿ, ಎದುರಿನ ದಿಬ್ಬಕ್ಕೆ ಇಳಿಯುವುದು ಅವನ ವಿದ್ಯೆ. ಸಾಹಸ ಕ್ರೀಡೆಗಳ ಕೂಟವಾದ ಎಕ್ಸ್ ಗೇಮ್ಸ್‌ನಲ್ಲಿ 1997 ಮತ್ತು 1999ರಲ್ಲಿ ಚಿನ್ನ ಗೆದ್ದ. 2005ರಲ್ಲಿ ಎಂಟೀವಿಯ ‘ದಿ ಚಾಲೆಂಜ್’ ಕಾರ್ಯಕ್ರಮದ ನಿರೂಪಣೆ ಸಿಕ್ಕಿತು. ಸ್ಪರ್ಧಿಗಳು ಓಡಬೇಕು, ನೇತಾಡಬೇಕು, ನೀರಿಗೆ ಹಾರಬೇಕು, ಸೋತವರು ಮನೆಗೆ. ಅವನಿಗಿಂತ ಮೊದಲು ಅಲ್ಲಿ ಮೈಕು ಹಿಡಿದಿದ್ದ ಡೇವ್ ಮಿರಾ ಕೂಡ ಬಿಎಂಎಕ್ಸ್‌ನವನೇ.

ಲ್ಯಾವಿನ್ ಮಾತಿನ ಮಲ್ಲನೇನಲ್ಲ. ನಮ್ಮ ಸುದೀಪ್ ಬಿಗ್ ಬಾಸ್ ವೇದಿಕೆಯಲ್ಲಿ ನಿಂತಾಗಿನ ಆ ಗತ್ತು ಇವನಲ್ಲಿ ಹುಡುಕಬೇಡಿ. ನಿಯಮ ಹೇಳುತ್ತಾನೆ, ಆಟ ಶುರು ಮಾಡಿಸುತ್ತಾನೆ. ಆದರೆ ನಡುವೆ ಕೈಚೆಲ್ಲಿದವರ ಮೇಲೆ ಅವನಿಗೆ ನಿಜವಾದ ಸಿಟ್ಟು ಬರುತ್ತದೆ. ಅದನ್ನು ಮುಚ್ಚಿಡುವುದೂ ಇಲ್ಲ.

ಐದು ವರ್ಷ ಟೀವಿಯೂ ಸೈಕಲ್ಲೂ ಕೂಡಿಯೇ ನಡೆದವು. 2010ರ ಅಕ್ಟೋಬರ್‌ನಲ್ಲಿ ತನ್ನದೇ ಊರಿನ ಸ್ಪರ್ಧೆಯಲ್ಲಿ, ಗಾಳಿಯಲ್ಲಿದ್ದಾಗ ಪೆಡಲ್ ಬಿಟ್ಟ ಕಾಲು ಮತ್ತೆ ಪೆಡಲ್‌ಗೆ ಸಿಗಲಿಲ್ಲ. ಹೆಲ್ಮೆಟ್ ಇದ್ದರೂ ತಲೆಗೆ ಪೆಟ್ಟಾಯಿತು, ಮಣಿಕಟ್ಟು ಮುರಿಯಿತು. ವೈದ್ಯರು ಔಷಧಿ ಕೊಟ್ಟು ಅವನನ್ನು ಕೋಮಾದಲ್ಲಿ ಇಟ್ಟರು. ಬದುಕಿದ. ಸ್ಪರ್ಧೆಯ ಸೈಕಲ್ ಬಿಟ್ಟ, ಮೈಕು ಬಿಡಲಿಲ್ಲ.

ಇವನ ಕತೆ ಓದುವಾಗ ನನಗೆ ನೆನಪಾದದ್ದು ಹೋರಿ ಹಬ್ಬದ ಮೈಕಿನವನು. ದೀಪಾವಳಿ ಮುಗಿಯುತ್ತಿದ್ದಂತೆ ಹಾವೇರಿ ಸುತ್ತಿನ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಸ್ಪರ್ಧೆ. ಕೊರಳಿಗೆ ಕೊಬ್ಬರಿ ಹಾರ ಕಟ್ಟಿಕೊಂಡ ಹೋರಿ ಜನರ ನಡುವೆ ಬಾಣದಂತೆ ನುಗ್ಗುತ್ತದೆ, ಕೊಬ್ಬರಿ ಕೀಳಲು ಹುಡುಗರು ಮೈಮೇಲೆ ಬೀಳುತ್ತಾರೆ. ನಾನು ಕಂಡ ಮೈಕಿನವ ಪ್ರಾಯದಲ್ಲಿ ತಾನೂ ಕೊಬ್ಬರಿ ಕಿತ್ತವನೇ. ಎಡಗೈ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಹೋರಿಯ ಹೆಸರು, ಊರು, ಮಾಲೀಕನ ಬಿರುದು ಎಲ್ಲವನ್ನೂ ಒಂದೇ ಉಸಿರಿಗೆ ಕೂಗುತ್ತಿದ್ದ.

ಒಬ್ಬ ಹುಡುಗ ಹೋರಿಯ ಕಾಲಡಿ ಸಿಕ್ಕ. ಮೈಕು ತಟ್ಟನೆ ನಿಂತಿತು. ಮುಂದಿನ ಹೋರಿ ಬಿಡಿ ಎಂದು ಸಂಘಟಕರು ಕೈ ಮಾಡಿದರೂ ಅವನು ತುಟಿ ಬಿಚ್ಚಲಿಲ್ಲ. ಹುಡುಗ ಮಂಡಿಯೂರಿದ, ಮಣ್ಣು ಉಗುಳಿದ, ಯಾರದೋ ಹೆಗಲು ಹಿಡಿದ.

‘ಎದ್ದ ನೋಡ್ರಿ’ ಎಂದಿತು ಮೈಕು. ಆಮೇಲೆ ಹೋರಿ ಬಿಟ್ಟರು.