ಸತ್ತವರನ್ನು ಬೀಳ್ಕೊಡುವ ಮುಖವಾಡಗಳು

ಕನ್ನಡದಲ್ಲಿ ‘ಮುಖವಾಡ ಕಳಚಿತು’ ಎಂದರೆ ಮೋಸ ಬಯಲಾಯಿತು ಎಂದರ್ಥ. ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಡೋಗನ್ ಜನರಲ್ಲಿ ಮುಖವಾಡಕ್ಕೆ ಬೇರೆಯೇ ಕೆಲಸವಿದೆ. ಅದು ಸತ್ತವರ ಋಣ ತೀರಿಸುವ ಸಾಧನ.

ಸುಮಾರು 150 ಕಿ.ಮೀ. ಉದ್ದದ ಬಂಡಿಯಾಗರ ಬಂಡೆಸಾಲಿನ ನೆತ್ತಿಯಲ್ಲೂ ಬುಡದಲ್ಲೂ ಡೋಗನ್ನರ ಹಳ್ಳಿಗಳಿವೆ. ಸಜ್ಜೆ ಇವರ ಮುಖ್ಯ ಬೆಳೆ. ಯಾರಾದರೂ ತೀರಿಕೊಂಡರೆ ಶವಸಂಸ್ಕಾರ ಬೇಗನೆ ಮುಗಿಯುತ್ತದೆ. ಆದರೆ ಆತ್ಮ ಊರಲ್ಲೇ ಸುಳಿದಾಡುತ್ತಿರುತ್ತದೆ ಎಂಬುದು ಸಾಂಪ್ರದಾಯಿಕ ನಂಬಿಕೆ. ಅದನ್ನು ಪಿತೃಗಳ ಲೋಕಕ್ಕೆ ಕಳುಹಿಸಿ ಸೂತಕ ಕಳೆಯುವ ಆಚರಣೆಯೇ ‘ದಾಮ’. ಇದಕ್ಕೆ ಖರ್ಚು ಹೆಚ್ಚು. ಹೀಗಾಗಿ ಕೆಲವು ವರ್ಷಗಳಿಗೊಮ್ಮೆ, ಆ ಅವಧಿಯಲ್ಲಿ ಸತ್ತ ಹಿರಿಯರೆಲ್ಲರಿಗೂ ಸೇರಿಸಿ ನಡೆಸುವುದುಂಟು.

ಮುಖವಾಡಗಳ ಹೊಣೆ ‘ಅವಾ’ ಎಂಬ ಪುರುಷರ ಸಂಘದ್ದು. ನಾರಿನ ಉಡುಪು ತೊಟ್ಟು, ಡೋಲಿನ ಗತ್ತಿಗೆ ಇವರು ಕುಣಿಯುತ್ತಾರೆ. ಜಿಂಕೆಯ ಜಾತಿಯ ಪ್ರಾಣಿಯ ಮುಖ ‘ವಾಲು’. ಆಳೆತ್ತರವನ್ನೂ ಮೀರಿದ ಹಲಗೆಯ ಮುಖವಾಡ ‘ಸಿರಿಗೆ’. ‘ಸತಿಂಬೆ’ಯ ನೆತ್ತಿಯ ಮೇಲೆ ಹೆಣ್ಣಿನ ಗೊಂಬೆ ಇರುತ್ತದೆ. ಮುಖವಾಡ ಮೊದಲು ದೊರೆತದ್ದು ಹೆಂಗಸಿಗೆ, ಗಂಡಸರು ಅದನ್ನು ಕಸಿದುಕೊಂಡರು ಎಂದು ಅವರ ಪುರಾಣವೇ ಹೇಳುತ್ತದೆ.

ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಎರಡು ಅಡ್ಡಪಟ್ಟಿಗಳ ‘ಕನಗ’. ಕೆಲವರು ಇದನ್ನು ಹಕ್ಕಿ ಎನ್ನುತ್ತಾರೆ. ಅಮ್ಮ ಎಂಬ ಹೆಸರಿನ ಸೃಷ್ಟಿಕರ್ತ ದೇವರ ಕೈಕಾಲುಗಳು ಎಂಬುದು ಇನ್ನೊಂದು ವಿವರಣೆ. ಕುಣಿಯುವವನು ಸೊಂಟದಿಂದ ಬಾಗಿ, ತಲೆಯನ್ನು ಬೀಸಿ ಕನಗದ ತುದಿಯನ್ನು ನೆಲಕ್ಕೆ ತಾಗಿಸುತ್ತಾನೆ.

ಫ್ರೆಂಚ್ ಮಾನವಶಾಸ್ತ್ರಜ್ಞ ಮಾರ್ಸೆಲ್ ಗ್ರಿಯೋಲ್ 1931ರಲ್ಲಿ ಇಲ್ಲಿಗೆ ಬಂದರು. ಅವರು 1938ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಮುಖವಾಡಗಳು ಹೊರಜಗತ್ತಿಗೆ ಚಿರಪರಿಚಿತವಾದವು. ಇಂದು ಯೂರೋಪ್, ಅಮೆರಿಕಗಳ ವಸ್ತುಸಂಗ್ರಹಾಲಯಗಳಲ್ಲಿ ಇವನ್ನು ಕಾಣಬಹುದು. ಗಾಜಿನ ಪೆಟ್ಟಿಗೆಯಲ್ಲಿ ಉಳಿದಿರುವುದು ಮರ ಮಾತ್ರ. ಉಡುಪು, ಡೋಲು, ಕುಣಿತ ಅಲ್ಲಿಲ್ಲ.

ಅರವತ್ತು ವರ್ಷಗಳಿಗೊಮ್ಮೆ ಬರುವ ‘ಸಿಗುಯಿ’ ಇವರ ಮಹಾ ಆಚರಣೆ. ಆಗ ಹಾವಿನಂತೆ ನೀಳವಾದ ‘ಮಹಾ ಮುಖವಾಡ’ವನ್ನು ಹೊಸದಾಗಿ ಕೆತ್ತುತ್ತಾರೆ. ಹಿಂದಿನ ಸಿಗುಯಿ 1967ರಿಂದ 1973ರವರೆಗೆ ಹಳ್ಳಿಯಿಂದ ಹಳ್ಳಿಗೆ ಸಾಗಿತು. ಚಿತ್ರನಿರ್ದೇಶಕ ಜಾನ್ ರೂಷ್ ಅದನ್ನು ಚಿತ್ರೀಕರಿಸಿದರು. ಲೆಕ್ಕದ ಪ್ರಕಾರ ಮುಂದಿನದು 2027ಕ್ಕೆ ಆರಂಭವಾಗಬೇಕು. ಆದರೆ 2012ರಲ್ಲಿ ಮಾಲಿಯಲ್ಲಿ ಶುರುವಾದ ಸಂಘರ್ಷ ಮುಂದೆ ಬಂಡಿಯಾಗರಕ್ಕೂ ಹಬ್ಬಿ, ಅನೇಕರು ಊರು ತೊರೆದಿದ್ದಾರೆ.

ಮರವಿದ್ದರೆ ಮುಖವಾಡವನ್ನು ಮತ್ತೆ ಕೆತ್ತಬಹುದು. ಅದು ಕುಣಿಯಬೇಕಾದರೆ ಊರಿರಬೇಕು, ಊರಲ್ಲಿ ಜನರಿರಬೇಕು.